‘ಒಳ್ಳೆಯ ನರ್ಸ್ ಆಗಬೇಕು’ ಎಂದು ಬರೆದರೆ ಮೇಡಂ ಏಕೆ ಒಪ್ಪಲಿಲ್ಲ?

ಪ್ರಶ್ನೆ: ನಾನು ಬಿ.ಎಸ್ಸಿ. ನರ್ಸಿಂಗ್ ಆರನೇ ಸೆಮಿಸ್ಟರಿನ ವಿದ್ಯಾರ್ಥಿನಿ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಮುಂದಿನ ಆರು ತಿಂಗಳ ಕಲಿಕೆಯ ಗುರಿಗಳನ್ನೂ ಐದು ವರ್ಷಗಳ ವೃತ್ತಿ ಬೆಳವಣಿಗೆಯ ಯೋಜನೆಯನ್ನೂ ಬರೆದು ಕೊಡಬೇಕೆಂದು ನಮ್ಮ ಮೇಡಂ ಹೇಳಿದ್ದರು. ‘ರೋಗಿಗಳನ್ನು ಪ್ರೀತಿಯಿಂದ ನೋಡಿಕೊಳ್ಳುವ ಒಳ್ಳೆಯ ನರ್ಸ್ ಆಗಬೇಕು, ಇಂಗ್ಲಿಷ್ ಸುಧಾರಿಸಿಕೊಳ್ಳಬೇಕು, ಎಂ.ಎಸ್ಸಿ. ಮಾಡಬೇಕು’ ಎಂದು ಬರೆದುಕೊಟ್ಟೆ. ‘ಇವು ಗುರಿಗಳಲ್ಲ, ಆಸೆಗಳು’ ಎಂದು ಹಿಂತಿರುಗಿಸಿದರು. ಗುರಿಗೂ ಆಸೆಗೂ ಇರುವ ವ್ಯತ್ಯಾಸವೇನು? ನಾನು ಏನು ಬರೆಯಬೇಕಿತ್ತು?
– ವಿದ್ಯಾರ್ಥಿನಿ, ಹಾಸನ ಜಿಲ್ಲೆ

ಉತ್ತರ: ನಿಮ್ಮ ಮೇಡಂ ಹೇಳಿದ್ದು ಸರಿಯಾಗಿದೆ, ಆದರೆ ಅದನ್ನು ಬಿಡಿಸಿ ಹೇಳಬೇಕಿತ್ತು. ನಾನು ವಾರ್ಡಿನಲ್ಲಿ ಸಿಸ್ಟರ್ ಆಗಿ, ಆಮೇಲೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಇಂಥ ಹಾಳೆಗಳನ್ನು ನೂರಾರು ಓದಿದ್ದೇನೆ. ಹೆಚ್ಚಿನವುಗಳಲ್ಲಿ ನೀವು ಬರೆದ ಮೂರು ವಾಕ್ಯಗಳೇ ಇರುತ್ತಿದ್ದವು, ಹೆಸರು ಮತ್ತು ರಿಜಿಸ್ಟರ್ ನಂಬರು ಮಾತ್ರ ಬೇರೆ.

ಗುರಿಯನ್ನು ಅಳೆಯಲು ನಾನು ಬಳಸುತ್ತಿದ್ದ ಪರೀಕ್ಷೆ ಒಂದೇ. ರೋಗಿಯ ಮಂಚದ ಪಕ್ಕದಲ್ಲಿ ನಿಂತಿರುವ ಮೂರನೆಯವರಿಗೆ ಅದು ಕಣ್ಣಿಗೆ ಕಾಣಬೇಕು. ‘ಒಳ್ಳೆಯ ನರ್ಸ್’ ಎನ್ನುವುದು ಯಾರ ಕಣ್ಣಿಗೂ ಕಾಣುವುದಿಲ್ಲ. ‘ಮೆಡಿಕಲ್ ವಾರ್ಡಿನ ಪೋಸ್ಟಿಂಗ್ ಮುಗಿಯುವುದರೊಳಗೆ, ಕ್ಯಾಲ್ಕ್ಯುಲೇಟರ್ ಮುಟ್ಟದೆ ಡ್ರಿಪ್‌ನ ವೇಗವನ್ನು ಲೆಕ್ಕ ಹಾಕಿ, ಗಡಿಯಾರ ಹಿಡಿದು ಹನಿ ಎಣಿಸಿ, ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಎದುರಿಗೆ ಐದು ಸಲ ತಪ್ಪಿಲ್ಲದೆ ಹೊಂದಿಸುತ್ತೇನೆ’ ಎಂದು ಬರೆದರೆ ಕಾಣುತ್ತದೆ. 500 ಮಿ.ಲೀ. ಸಲೈನ್ 8 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್‌ನ, ಅಂದರೆ ಬಾಟಲಿಯಿಂದ ಸೂಜಿಯವರೆಗಿನ ಕೊಳವೆಯ, ಕವರಿನ ಮೇಲೆ ಮಿಲಿಲೀಟರಿಗೆ 20 ಹನಿ ಎಂದು ಅಚ್ಚಾಗಿದೆ ಎಂದುಕೊಳ್ಳಿ. ಒಟ್ಟು 10,000 ಹನಿಗಳನ್ನು 480 ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ ಸುಮಾರು 21 ಹನಿ. ಪರೀಕ್ಷೆಯ ಹಾಳೆಯ ಮೇಲೆ ಇದನ್ನು ಎಲ್ಲರೂ ಬಿಡಿಸುತ್ತಾರೆ. ನಾಲ್ಕು ಮಂಚಗಳಿಂದ ಒಟ್ಟಿಗೆ ‘ಸಿಸ್ಟರ್’ ಎಂಬ ಕೂಗು ಬರುತ್ತಿರುವಾಗ ಬಿಡಿಸುವವರು ಕಡಿಮೆ, ಮತ್ತು ಕವರಿನ ಮೇಲಿನ ಸಂಖ್ಯೆಯನ್ನು ಓದದೆ ರೂಢಿಯ ಮೇಲೆ ಹನಿಯ ವೇಗ ಹೊಂದಿಸುವ ಚಕ್ರ ತಿರುಗಿಸಿ ಹೋಗುವವರು ಬಹಳ.

ಇನ್ನೊಂದು ಉದಾಹರಣೆ ಇನ್ಸುಲಿನ್. ನಮ್ಮಲ್ಲಿ ಮಿಲಿಲೀಟರಿಗೆ 40 ಯೂನಿಟ್ ಇರುವ ವಯಲ್ (ಔಷಧದ ಸಣ್ಣ ಸೀಸೆ) ಇದೆ, 100 ಯೂನಿಟ್ ಇರುವುದೂ ಇದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಬಣ್ಣದ್ದು. 40ರ ಸಿರಿಂಜಿನಲ್ಲಿ 100ರ ಇನ್ಸುಲಿನ್ನನ್ನು ‘10’ ಎಂಬ ಗೆರೆಯವರೆಗೆ ಎಳೆದರೆ ರೋಗಿಗೆ ಹೋಗುವುದು 10 ಯೂನಿಟ್ ಅಲ್ಲ, 25 ಯೂನಿಟ್. ಆದ್ದರಿಂದ ‘ಔಷಧ ಕೊಡುವುದರಲ್ಲಿ ಎಚ್ಚರ ವಹಿಸುತ್ತೇನೆ’ ಎಂದು ಬರೆಯುವ ಬದಲು ‘ಇನ್ಸುಲಿನ್ ಕೊಡುವ ಪ್ರತಿ ಸಲವೂ ವಯಲ್‌ನ ಮೇಲಿನ ಸಂಖ್ಯೆಯನ್ನೂ ಸಿರಿಂಜಿನ ಸಂಖ್ಯೆಯನ್ನೂ ಬಾಯಿಬಿಟ್ಟು ಓದಿ, ಜೊತೆಯ ಸಿಸ್ಟರಿಗೆ ತೋರಿಸಿ ಕೊಡುತ್ತೇನೆ’ ಎಂದು ಬರೆಯಿರಿ. ಅದನ್ನು ಮಾಡಿದಿರೋ ಇಲ್ಲವೋ ಎಂಬುದು ವಾರದ ಕೊನೆಗೆ ನಿಮಗೇ ಗೊತ್ತಾಗುತ್ತದೆ.

ಗುರಿ ಎಲ್ಲಿಂದ ಹುಡುಕಬೇಕು ಎಂದು ನೀವು ಕೇಳಿಲ್ಲ, ಆದರೆ ಕಷ್ಟವಿರುವುದು ಅಲ್ಲಿಯೇ. ಸಿಲಬಸ್ಸಿನ ಪುಟಗಳಲ್ಲಿ ಹುಡುಕಬೇಡಿ. ಕೈ ಎಲ್ಲಿ ಹಿಂಜರಿಯಿತೋ ಅಲ್ಲಿ ಹುಡುಕಿ. ಏಪ್ರನ್ನಿನ ಜೇಬಿನಲ್ಲಿ ಒಂದು ಸಣ್ಣ ನೋಟ್ ಪುಸ್ತಕ ಇಟ್ಟುಕೊಂಡು, ಡ್ಯೂಟಿ ಮುಗಿದ ಮೇಲೆ ಬಸ್ಸಿನಲ್ಲಿ ಕುಳಿತಾಗ ಆ ದಿನ ಯಾವ ಕೆಲಸಕ್ಕೆ ಬೇರೆಯವರು ಮುಂದೆ ಬರಲಿ ಎಂದು ನೀವು ಹಿಂದೆ ಸರಿದಿರಿ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಿರಿ. ರೋಗಿಯ ಹೆಸರು ಬೇಡ. ಎರಡು ವಾರ ಕಳೆದರೆ ಅದೇ ಸಾಲು ಮೂರು ನಾಲ್ಕು ಸಲ ಬಂದಿರುತ್ತದೆ. ನಿಮ್ಮ ಗುರಿ ಅದು. ಲಾಗ್ ಬುಕ್ ಇದಕ್ಕೆ ಬದಲಿಯಲ್ಲ. ಎಷ್ಟು ಸಲ ಮಾಡಿದಿರಿ ಎಂಬ ಲೆಕ್ಕ ಅಲ್ಲಿರುತ್ತದೆ, ಕೈ ನಡುಗಿತೇ ಎಂಬುದು ಇರುವುದಿಲ್ಲ. ಒಂದು ಪೋಸ್ಟಿಂಗಿಗೆ ಎರಡು ಅಥವಾ ಮೂರು ಗುರಿ ಸಾಕು. ಹನ್ನೆರಡು ಬರೆದವರು ಒಂದನ್ನೂ ಮುಟ್ಟಿದ್ದನ್ನು ನಾನು ಕಂಡಿಲ್ಲ.

ಈಗ ನಿಮ್ಮ ಇಂಗ್ಲಿಷಿನ ವಿಚಾರ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಇದನ್ನು ತಮ್ಮ ಕೊರತೆ ಎಂದೇ ಬರೆಯುತ್ತಾರೆ, ನನಗೆ ಇದರ ಬಗ್ಗೆ ಬೇರೆ ಅಭಿಪ್ರಾಯವಿದೆ. ಪುಸ್ತಕ, ಪರೀಕ್ಷೆ, ಕೇಸ್ ಶೀಟ್ ಎಲ್ಲ ಇಂಗ್ಲಿಷಿನಲ್ಲಿವೆ, ನಿಜ. ಆದರೆ ರೋಗ ಮಾತಾಡುವುದು ಕನ್ನಡದಲ್ಲಿ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ಒಂದು ರಾತ್ರಿ ಅರವತ್ತರ ಆಸುಪಾಸಿನ ಒಬ್ಬ ತಾಯಿ ‘ಸಂಕಟ ಆಗ್ತಾ ಇದೆ ಕಣವ್ವ’ ಎಂದರು. ನಾನು ವಾಕರಿಕೆ ಎಂದು ತಿಳಿದು, ಕೇಸ್ ಶೀಟಿನಲ್ಲಿ ಅದಕ್ಕಿರುವ ಇಂಗ್ಲಿಷ್ ಪದವನ್ನೇ ಚೆಂದವಾಗಿ ಬರೆದು, ಬೆಳಗಿನ ರೌಂಡ್ಸಿನಲ್ಲಿ ಹೇಳಿದರಾಯಿತು ಎಂದುಕೊಂಡು ಮುಂದಿನ ಮಂಚಕ್ಕೆ ಹೋದೆ. ಮುಕ್ಕಾಲು ಗಂಟೆಯ ನಂತರ ಆಕೆಯ ಸೊಸೆ ಓಡಿಬಂದಳು. ಹೋಗಿ ನೋಡಿದರೆ ಕುಪ್ಪಸವೆಲ್ಲ ಬೆವರಿನಿಂದ ತೊಯ್ದಿತ್ತು. ಡ್ಯೂಟಿ ಡಾಕ್ಟರ್ ಬಂದು ಇಸಿಜಿ ತೆಗೆದಾಗ ಅದು ಹೃದಯಾಘಾತವಾಗಿತ್ತು. ಆಕೆ ಬದುಕಿದರು, ಅದರಲ್ಲಿ ನನ್ನ ಪಾಲೇನೂ ಇಲ್ಲ. ‘ಸಂಕಟ’ ಎಂದರೆ ಹೊಟ್ಟೆ ತೊಳಸುವುದೂ ಆಗಬಹುದು, ಎದೆ ಬಿಗಿದು ಉಸಿರು ಸಾಲದಂತಾಗುವುದೂ ಆಗಬಹುದು, ಮನಸ್ಸಿನ ತಳಮಳವೂ ಆಗಬಹುದು. ‘ಎಲ್ಲಿ ಆಗ್ತಿದೆ ಅಮ್ಮಾ, ಕೈಯಿಟ್ಟು ತೋರಿಸಿ, ತೋಳಿಗೋ ದವಡೆಗೋ ಎಳೆಯುತ್ತದೆಯೇ’ ಎಂದು ಒಂದು ಪ್ರಶ್ನೆ ಕೇಳಿ, ನಾಡಿ ಹಿಡಿದು ನೋಡಿದ್ದರೆ ಸಾಕಿತ್ತು. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಹೃದಯಾಘಾತವು ಎದೆನೋವಿಲ್ಲದೆ ಬರಬಹುದು ಎಂದು ಆಗಲೇ ಓದಿದ್ದೆ. ಓದಿದ್ದು ಇಂಗ್ಲಿಷಿನಲ್ಲಿ, ಆ ತಾಯಿ ಹೇಳಿದ್ದು ಕನ್ನಡದಲ್ಲಿ. ಎರಡೂ ನನ್ನ ತಲೆಯಲ್ಲಿ ಒಂದನ್ನೊಂದು ಮುಟ್ಟಲಿಲ್ಲ.

ಹಾಗಾಗಿ ‘ಇಂಗ್ಲಿಷ್ ಸುಧಾರಿಸಿಕೊಳ್ಳಬೇಕು’ ಎಂಬ ಸಾಲನ್ನು ಹೊಡೆದುಹಾಕಿ ಹೀಗೆ ಬರೆಯಿರಿ: ‘ಪ್ರತಿ ಡ್ಯೂಟಿಯಲ್ಲಿ ರೋಗಿಗಳು ತಮ್ಮ ಬಾಯಿಂದ ಹೇಳಿದ ಎರಡು ಮಾತುಗಳನ್ನು, ಅಂದರೆ ಹೊಟ್ಟೆಯುಬ್ಬರ, ಜೋಮು, ಕಣ್ಣುಕತ್ತಲೆ, ಉರಿಮೂತ್ರ ಇಂಥವನ್ನು, ಅವರಾಡಿದಂತೆಯೇ ಬರೆದುಕೊಂಡು, ಅದರ ಅರ್ಥವನ್ನು ಪ್ರಶ್ನೆ ಕೇಳಿ ಖಚಿತಪಡಿಸಿಕೊಂಡು, ಕೇಸ್ ಶೀಟಿನಲ್ಲಿ ಬರೆಯುವ ಇಂಗ್ಲಿಷ್ ವಾಕ್ಯವನ್ನು ಇನ್‌ಚಾರ್ಜ್ ಸಿಸ್ಟರಿಗೆ ತೋರಿಸುತ್ತೇನೆ.’ ಆರು ತಿಂಗಳಲ್ಲಿ ನಿಮ್ಮದೇ ಒಂದು ನಿಘಂಟು ತಯಾರಾಗುತ್ತದೆ. ಬೇರೆ ರಾಜ್ಯಗಳಿಂದ ನಮ್ಮಲ್ಲಿಗೆ ಓದಲು ಬಂದಿರುವ ನಿಮ್ಮ ಸಹಪಾಠಿಗಳು ಅದಕ್ಕಾಗಿ ನಿಮ್ಮ ಹಿಂದೆ ಬೀಳುತ್ತಾರೆ.

ಇದರ ಜೊತೆಗೆ ರಾತ್ರಿ ಡಾಕ್ಟರಿಗೆ ಫೋನು ಮಾಡುವುದನ್ನು ಅಭ್ಯಾಸ ಮಾಡಿ. ಈಗ ಏನಾಗಿದೆ, ರೋಗಿ ಯಾರು ಮತ್ತು ಏಕೆ ದಾಖಲಾಗಿದ್ದಾರೆ, ನಾನು ಅಳೆದು ನೋಡಿದ್ದೇನು, ನನಗೆ ಏನು ಬೇಕು ಎಂಬ ನಾಲ್ಕು ವಿಷಯಗಳನ್ನು ಇದೇ ಕ್ರಮದಲ್ಲಿ ಒಂದು ನಿಮಿಷದೊಳಗೆ ಹೇಳಬೇಕು. ‘ಸರ್, ಒಂಬತ್ತನೇ ಬೆಡ್‌ನವರಿಗೆ ಹುಷಾರಿಲ್ಲ’ ಎಂದರೆ ಆ ಕಡೆಯಿಂದ ಬೈಗುಳ ಬರುತ್ತದೆ. ‘ಸರ್, ಒಂಬತ್ತನೇ ಬೆಡ್, ಹತ್ತು ನಿಮಿಷದಿಂದ ಉಸಿರಾಟ ಜೋರಾಗಿದೆ, ನ್ಯುಮೋನಿಯಾ ಎಂದು ನಿನ್ನೆ ದಾಖಲಾದವರು, ಉಸಿರು ನಿಮಿಷಕ್ಕೆ 34, ಆಕ್ಸಿಜನ್ 88, ಈಗಲೇ ಬಂದು ನೋಡಬೇಕು’ ಎಂದರೆ ಅವರು ಎದ್ದು ಬರುತ್ತಾರೆ. ಗೆಳತಿಯನ್ನು ಡಾಕ್ಟರ್ ಮಾಡಿಕೊಂಡು ಹಾಸ್ಟೆಲಿನಲ್ಲಿಯೇ ಇದನ್ನು ಕಲಿಯಬಹುದು.

ಐದು ವರ್ಷದ ಯೋಜನೆಯ ಬಗ್ಗೆ ಅಷ್ಟು ಹೇಳಬೇಕಾಗಿಲ್ಲ. 2021ರಲ್ಲಿ ಬಂದ ಪರಿಷ್ಕೃತ ಪಠ್ಯಕ್ರಮದಂತೆ ನಿಮ್ಮ ಎಂಟನೆಯ ಸೆಮಿಸ್ಟರ್ ಪೂರ್ತಿ ಇಂಟರ್ನ್‌ಶಿಪ್, 22 ವಾರ. ಅಲ್ಲಿಗೆ ಹೋಗುವಾಗ ಮೇಲಿನ ನೋಟ್ ಪುಸ್ತಕ ಕೈಯಲ್ಲಿರಲಿ. ಪದವಿಯ ನಂತರ ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಬೇಕು. ಎಂ.ಎಸ್ಸಿ.ಗೆ ಹೇಗೂ ಒಂದು ವರ್ಷದ ಅನುಭವ ಬೇಕು. ನನ್ನನ್ನು ಕೇಳಿದರೆ ಎರಡು ಮೂರು ವರ್ಷ ಒಂದೇ ವಿಭಾಗದಲ್ಲಿ ನಿಲ್ಲಿ. ಅಮೆರಿಕದ ಪೆಟ್ರೀಷಿಯಾ ಬೆನ್ನರ್ ಅವರು 1984ರಲ್ಲಿ ನರ್ಸ್‌ಗಳ ಬೆಳವಣಿಗೆಯನ್ನು ಹೊಸಬರಿಂದ ಪರಿಣತರವರೆಗೆ ಐದು ಹಂತಗಳಾಗಿ ವಿವರಿಸಿದಾಗ, ನಡುವಿನ ಸಮರ್ಥರ ಹಂತಕ್ಕೆ ಬರಲು ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ಹಿಡಿಯುತ್ತದೆ ಎಂದಿದ್ದರು. ನಮ್ಮ ವಾರ್ಡುಗಳಲ್ಲಿ ನಾನು ಕಂಡದ್ದೂ ಹಾಗೆಯೇ. ಯಾವ ವಿಭಾಗದಲ್ಲಿ ಎಂ.ಎಸ್ಸಿ. ಎಂಬುದನ್ನು ಈಗ ಬರೆಯಲೇಬೇಕೆಂದು ಮೇಡಂ ಹಟ ಹಿಡಿದರೆ ಪೆನ್ಸಿಲಿನಲ್ಲಿ ಬರೆದುಕೊಡಿ.

ಪ್ರಶ್ನೆ: ಜಿ.ಎನ್.ಎಂ. (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಒಂಬತ್ತು ವರ್ಷದಿಂದ ಖಾಸಗಿ ಆಸ್ಪತ್ರೆಯ ನವಜಾತ ಶಿಶುಗಳ ಐಸಿಯುನಲ್ಲಿದ್ದೇನೆ. ನಾನು ಕೆಲಸ ಕಲಿಸಿದ ಬಿ.ಎಸ್ಸಿ. ಹುಡುಗಿಯರು ಈಗ ನನಗೇ ಇನ್‌ಚಾರ್ಜ್. ಎರಡು ಮಕ್ಕಳಿದ್ದಾರೆ, ವಯಸ್ಸು 34. ಡಿಪ್ಲೊಮಾ ಆದವರಿಗೆಂದೇ ಇರುವ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡುವುದು ಲಾಭವೇ?
– ಸ್ಟಾಫ್ ನರ್ಸ್, ದಾವಣಗೆರೆ

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಕೆಲಸ ಕಲಿಸಿದವರ ಕೈಕೆಳಗೆ ಕೆಲಸ ಮಾಡುವ ಸ್ಥಿತಿ ಈ ವೃತ್ತಿಯಲ್ಲಿ ಹಳೆಯದು, ಅದು ನ್ಯಾಯವೆಂದು ನಾನು ಹೇಳಲಾರೆ. ಆದರೆ ನಿರ್ಧಾರವನ್ನು ಆ ಬೇಸರದ ಮೇಲೆ ತೆಗೆದುಕೊಳ್ಳಬೇಡಿ. ಮುಂದೆ ಏನಾಗಬೇಕೆಂದಿದ್ದೀರಿ ಎಂಬುದರ ಮೇಲೆ ತೆಗೆದುಕೊಳ್ಳಿ.

ಬೋಧನೆಗೋ ಆಡಳಿತಕ್ಕೋ ಹೋಗುವ ಮನಸ್ಸಿದ್ದರೆ ಎರಡು ವರ್ಷದ ಪೋಸ್ಟ್ ಬೇಸಿಕ್ ಬೇಕೇ ಬೇಕು, ಏಕೆಂದರೆ ಎಂ.ಎಸ್ಸಿ.ಯ ಬಾಗಿಲು ಅದರ ಮೂಲಕವೇ ತೆರೆಯುತ್ತದೆ. ಮಕ್ಕಳ ಐಸಿಯುನಲ್ಲಿಯೇ ಉಳಿದು ಅದರಲ್ಲಿ ಆಳಕ್ಕೆ ಇಳಿಯಬೇಕೆಂದಿದ್ದರೆ ನವಜಾತ ಶಿಶು ಶುಶ್ರೂಷೆಯಲ್ಲಿ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ, ಅದನ್ನು ಮೊದಲು ವಿಚಾರಿಸಿ. ಏಮ್ಸ್ ಆಸ್ಪತ್ರೆಗಳು ನರ್ಸಿಂಗ್ ಆಫೀಸರ್ ಹುದ್ದೆಗೆ ನಡೆಸುವ ನಾರ್ಸೆಟ್ ಪರೀಕ್ಷೆಯನ್ನು ಬರೆಯಲು, 50 ಹಾಸಿಗೆಗಳಿಗೆ ಕಡಿಮೆಯಿಲ್ಲದ ಆಸ್ಪತ್ರೆಯಲ್ಲಿ ಎರಡು ವರ್ಷ ಕೆಲಸ ಮಾಡಿದ ಜಿ.ಎನ್.ಎಂ.ನವರಿಗೂ ಅವಕಾಶವಿದೆ, ಆದರೆ ವಯೋಮಿತಿ ಇರುವುದರಿಂದ ಅಧಿಸೂಚನೆಯಲ್ಲಿ ಅದನ್ನೇ ಮೊದಲು ಓದಿ.

ಯಾವ ಕೋರ್ಸಿಗೆ ಸೇರುವುದಾದರೂ ಕಾಲೇಜಿನ ಮಾನ್ಯತೆ ಆ ಕೋರ್ಸಿಗೆ, ಆ ವರ್ಷಕ್ಕೆ ಇದೆಯೇ ಎಂದು ನೀವೇ ನೋಡಿಕೊಳ್ಳಿ. ‘ಹಾಜರಾತಿ ನಾವು ನೋಡಿಕೊಳ್ಳುತ್ತೇವೆ, ನೀವು ಡ್ಯೂಟಿ ಮಾಡಿಕೊಂಡಿರಿ’ ಎನ್ನುವ ಕಡೆ ಹಣ ಕಟ್ಟಬೇಡಿ. ಒಂಬತ್ತು ವರ್ಷ ಸಾವಿರ ಗ್ರಾಂ ತೂಕದ ಮಕ್ಕಳನ್ನು ಉಳಿಸಿಕೊಂಡು ಬಂದವರಿಗೆ ಕಾಗದದ ಪದವಿ ಏನನ್ನೂ ಕಲಿಸುವುದಿಲ್ಲ. ಹಾಗೆಯೇ, ಸೇರಿದರೆ ನಿಮ್ಮ ಗುರಿಗಳ ಹಾಳೆಯಲ್ಲಿ ನಿಮಗೆ ಗೊತ್ತಿರುವ ಕೆಲಸಗಳನ್ನು ತುಂಬಿಸಬೇಡಿ. ಕೈಗೆ ಬಂದಿರುವ ಕೆಲಸದ ಕಾರಣ ಹೇಳಲು ಕಲಿಯುವುದನ್ನು ಬರೆಯಿರಿ. ಕಾಂಗರೂ ಆರೈಕೆಯಲ್ಲಿ ಮಗುವನ್ನು ತಾಯಿಯ ಎದೆಗೆ ಒರಗಿಸುವುದು ನಿಮಗೆ ನಿದ್ದೆಯಲ್ಲಿಯೂ ಬರುತ್ತದೆ; ಆ ಮಗುವಿನ ಮೈ ಏಕೆ ಅಷ್ಟು ಬೇಗ ತಣ್ಣಗಾಗುತ್ತದೆ ಎಂದು ಹೊಸಬಳೊಬ್ಬಳಿಗೆ ಐದು ನಿಮಿಷದಲ್ಲಿ ವಿವರಿಸಬಲ್ಲಿರಾ?

ಪ್ರಶ್ನೆ: ನನ್ನ ಮಗಳು ಬಿ.ಎಸ್ಸಿ. ನರ್ಸಿಂಗ್ ಮೊದಲ ವರ್ಷದಲ್ಲಿದ್ದಾಳೆ. ವಿದೇಶದ ಕೆಲಸವೇ ಅವಳ ಗುರಿ. ಈಗಲೇ ಮುಂಗಡ ಕೊಟ್ಟರೆ ಜರ್ಮನಿಗೆ ಕಳುಹಿಸುವುದಾಗಿ ಒಬ್ಬ ಏಜೆಂಟ್ ಹೇಳುತ್ತಿದ್ದಾನೆ. ಕೊಡಬಹುದೇ?
– ಪೋಷಕರು, ಶಿವಮೊಗ್ಗ

ಉತ್ತರ: ಕೊಡಬೇಡಿ. ಮೊದಲ ವರ್ಷದ ಹುಡುಗಿಯನ್ನು ನರ್ಸ್ ಕೆಲಸಕ್ಕೆ ಯಾರೂ ಎಲ್ಲಿಗೂ ಕಳುಹಿಸಲಾರರು. ಅವಳು ಪದವಿ ಮುಗಿಸಿ, ನೋಂದಣಿ ಮಾಡಿಸಿಕೊಳ್ಳಬೇಕು. ಜರ್ಮನಿಗಾದರೆ ಭಾಷೆಯಲ್ಲಿ ಸಾಮಾನ್ಯವಾಗಿ ಬಿ2 ಮಟ್ಟ, ಅಂದರೆ ತಡವರಿಸದೆ ಮಾತಾಡುವಷ್ಟು, ಮುಟ್ಟಬೇಕು. ಬ್ರಿಟನ್ನಿಗಾದರೆ ಇಂಗ್ಲಿಷ್ ಪರೀಕ್ಷೆಯ ಜೊತೆಗೆ ಕಂಪ್ಯೂಟರಿನ ಮೇಲೆ ಒಂದು, ರೋಗಿಯ ಎದುರು ಮಾಡಿ ತೋರಿಸುವ ರೀತಿಯ ಮತ್ತೊಂದು ಪರೀಕ್ಷೆ ಇದೆ. ಆ ಎರಡನೆಯ ಪರೀಕ್ಷೆಯಲ್ಲಿ ಕೇಳುವುದು ಕೈ ತೊಳೆಯುವುದು, ನಾಡಿ ಉಸಿರು ಎಣಿಸುವುದು, ಔಷಧ ಕೊಡುವುದು ಇಂಥವನ್ನೇ, ಅಂದರೆ ಅವಳು ಈ ವರ್ಷ ಕಲಿಯುತ್ತಿರುವುದನ್ನೇ. ಏಜೆಂಟನಿಗೆ ಪರವಾನಗಿ ಇದೆಯೇ ಎಂಬುದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೀವೇ ನೋಡಬಹುದು. ಮುಂಗಡಕ್ಕೆಂದು ತೆಗೆದಿಟ್ಟ ಹಣದಲ್ಲಿ ಮೂರನೇ ವರ್ಷದಿಂದ ಅವಳನ್ನು ಜರ್ಮನ್ ಭಾಷೆಯ ತರಗತಿಗೆ ಸೇರಿಸಿ. ಮತ್ತು ಮುಂದಿನ ಸಲ ಮನೆಗೆ ಬಂದಾಗ, ಅವಳ ಅಜ್ಜಿಯ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ ತೋರಿಸಲು ಹೇಳಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಮತ್ತೊಮ್ಮೆ ಎಣಿಸಲಿ.