ಏಟನ್‌ಗೆ ಮ್ಯಾಕ್ಸ್ ಕೊಡದೆ ಸನ್ಸ್ ಕಳ್ಕೊಂಡಿದ್ದೇನು?

2021ರಲ್ಲಿ ತನ್ನ ಆಟಗಾರ ಡಿಆಂಡ್ರೆ ಏಟನ್‌ಗೆ ಮ್ಯಾಕ್ಸ್ ಕಾಂಟ್ರಾಕ್ಟ್ (ನಿಯಮ ಬಿಡೋ ಗರಿಷ್ಠ ಸಂಬಳದ ಒಪ್ಪಂದ) ಕೊಡಲ್ಲ ಅಂದ ಅಮೆರಿಕದ ಎನ್‌ಬಿಎ ಬಾಸ್ಕೆಟ್‌ಬಾಲ್ ತಂಡ ಫೀನಿಕ್ಸ್ ಸನ್ಸ್, ಮರುವರ್ಷ ಅಷ್ಟೇ ದುಡ್ಡು ಸುರಿದದ್ದು ಪೆದ್ದುತನ ಅಲ್ವಾ ಅಂತ ಕೇಳಿದ್ದೀರಿ. ನನಗಂತೂ ಹಾಗನ್ನಿಸಲ್ಲ.

ಹೊಸ ಒಪ್ಪಂದ ಆಗದೇ ಹೋದರೂ, ಮೊದಲ ಕಾಂಟ್ರಾಕ್ಟ್ ಮುಗಿಸಿದ ಇಂಥ ಹುಡುಗ ಸೀದಾ ಎದ್ದು ಹೋಗೋಕಾಗಲ್ಲ. ಬೇರೆ ತಂಡ ಆಫರ್ ಕೊಟ್ಟರೆ ಅಷ್ಟೇ ಕೊಟ್ಟು ಉಳಿಸಿಕೊಳ್ಳೋ ಹಕ್ಕು ಹಳೇ ತಂಡಕ್ಕಿರುತ್ತೆ. 2022ರ ಜುಲೈನಲ್ಲಿ ಇಂಡಿಯಾನಾ ತಂಡ 4 ವರ್ಷಕ್ಕೆ 13.3 ಕೋಟಿ ಡಾಲರ್ ಆಫರ್ ಮಾಡಿತು, ಸನ್ಸ್ ಅವತ್ತೇ ಸರಿಗಟ್ಟಿತು. ಮೊದಲೇ ಮ್ಯಾಕ್ಸ್ ಕೊಟ್ಟಿದ್ದರೆ 5 ವರ್ಷ, 17 ಕೋಟಿಗೂ ಜಾಸ್ತಿ. ಅಂದರೆ ಒಂದು ವರ್ಷದ ಹೊರೆ ತಪ್ಪಿತು.

ಆದರೆ ಏಟನ್ ಮನಸ್ಸು ಮುರಿದದ್ದಕ್ಕೆ ಲೆಕ್ಕ ಎಲ್ಲಿದೆ? 2021ರ ಪ್ಲೇಆಫ್‌ನಲ್ಲಿ (ನಾಕೌಟ್ ಹಂತದಲ್ಲಿ) ಕ್ಲಿಪ್ಪರ್ಸ್ ತಂಡದ ವಿರುದ್ಧ 0.9 ಸೆಕೆಂಡ್ ಉಳಿದಿದ್ದಾಗ, ಜೊತೆಗಾರ ಕ್ರೌಡರ್ ಎಸೆದ ಚೆಂಡನ್ನು ಗಾಳಿಯಲ್ಲೇ ಹಿಡಿದು ಬುಟ್ಟಿಗೆ ತುರುಕಿ ಗೆಲ್ಲಿಸಿದವನು ಇವನೇ. ಮರುವರ್ಷ ಡಲ್ಲಾಸ್ ಎದುರು 33 ಅಂಕದಿಂದ ಸೋತ ನಿರ್ಣಾಯಕ ಏಳನೇ ಪಂದ್ಯದಲ್ಲಿ ಆಡಿದ್ದು ಬರೀ 17 ನಿಮಿಷ. 2023ರಲ್ಲಿ ಪೋರ್ಟ್‌ಲ್ಯಾಂಡ್‌ಗೆ ಕಳಿಸಿಯೇ ಬಿಟ್ಟರು.

ಇದೇ ಥರ ದುಡ್ಡಿನ ವಿಚಾರಕ್ಕೆ ಕೈತಪ್ಪಿದ ಆಟಗಾರ ಜೇಮ್ಸ್ ಹಾರ್ಡನ್ ಉದಾಹರಣೆ ಕೊಟ್ಟಿದ್ದೀರಿ, ಅದು ಬೇರೆ ಕಥೆ. 2012ರಲ್ಲಿ ಒಕ್ಲಹೋಮಾ ತಂಡ ಕೆಲವೇ ಮಿಲಿಯನ್ ಡಾಲರ್ ಉಳಿಸೋಕೆ ಹೋಗಿ ಅವನನ್ನ ಹ್ಯೂಸ್ಟನ್‌ಗೆ ಬಿಟ್ಟುಕೊಟ್ಟಿತು. 2018ರಲ್ಲಿ ಅವನೇ ಎಂವಿಪಿ, ಅಂದರೆ ಲೀಗ್‌ನ ಶ್ರೇಷ್ಠ ಆಟಗಾರ! ಚೆಂಡು ಕೈಗೆ ಕೊಟ್ಟರೆ ತಾನೇ ಆಟ ಕಟ್ಟೋ ಹುಡುಗ, ಸುಮ್ನೆ ಸಹಿ ಹಾಕಿಸಬೇಕಿತ್ತು. ಏಟನ್‌ಗೆ ಚೆಂಡು ತಂದುಕೊಡೋಕೆ ಕ್ರಿಸ್ ಪಾಲ್‌ನಂಥ ಪಾಸ್ ಕೊಡೋ ಆಟಗಾರ ಬೇಕು. ಏಟನ್‌ನಂಥವನಿಗಾದರೆ ನಾನೂ ಒಂದು ವರ್ಷ ಕಾಯುತ್ತಿದ್ದೆ.