ಹಾಲು ಒಡೆಸಿದರೆ ಸತ್ವ ನೀರುಪಾಲೇ?

ಪ್ರಶ್ನೆ: ನಮ್ಮ ಅತ್ತೆಯವರಿಗೆ 72 ವರ್ಷ, ತೂಕ 50 ಕಿಲೋ. ಹಲ್ಲುಗಳಿಲ್ಲ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ. ಅದಕ್ಕೇ ಮನೆಯ ಹಸುವಿನ ಅರ್ಧ ಲೀಟರ್ ಹಾಲನ್ನು ಲಿಂಬೆರಸ ಹಾಕಿ ಒಡೆಸಿ, ಮೆತ್ತನೆಯ ಪನೀರ್ ಮಾಡಿ ಕೊಡುತ್ತಿದ್ದೇನೆ. ಸತ್ವವೆಲ್ಲ ನೀರಿನಲ್ಲಿ ಹೋಗುತ್ತದೆ ಎಂದು ನೆರೆಯವರು ಹೇಳುತ್ತಾರೆ. ನಿಜವೇ? ಕೊಬ್ಬಿನ ಭಯವೂ ಇದೆ.
— ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಧೈರ್ಯವಾಗಿ ಮುಂದುವರಿಸಿ. ನಿಮ್ಮ ಅತ್ತೆಯವರಿಗೆ ಇದಕ್ಕಿಂತ ಹೊಂದುವ ಆಹಾರ ಹುಡುಕುವುದು ಕಷ್ಟ. ಅರ್ಧ ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 16 ಗ್ರಾಂ ಪ್ರೋಟೀನ್ ಇರುತ್ತದೆ. ಅದರಲ್ಲಿ ಐದನೇ ನಾಲ್ಕು ಭಾಗ ಕೇಸೀನ್. ಹಾಲು ಒಡೆದಾಗ ಗಟ್ಟಿಯಾಗುವುದು ಅದೇ. ಹಾಲನ್ನು ಚೆನ್ನಾಗಿ ಕಾಯಿಸಿ ಒಡೆಸುವುದರಿಂದ ಉಳಿದ ಪ್ರೋಟೀನಿನಲ್ಲೂ ಒಂದಿಷ್ಟು ಅದಕ್ಕೆ ಅಂಟಿಕೊಳ್ಳುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವ ಪ್ರೋಟೀನ್ ಪ್ರಮಾಣ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ, ಅವರಿಗೆ ಸುಮಾರು 42 ಗ್ರಾಂ ಬೇಕು. ಮೂರನೇ ಒಂದು ಭಾಗದಷ್ಟು ಈ ಪನೀರಿನಿಂದಲೇ ಸಿಗುತ್ತದೆ.

ನೀರಿನಲ್ಲಿ ಹೋಗುವುದು ಮುಖ್ಯವಾಗಿ ಲ್ಯಾಕ್ಟೋಸ್ ಎಂಬ ಸಕ್ಕರೆ. ಹೊಟ್ಟೆ ಉಬ್ಬರಕ್ಕೆ ಬಹುಶಃ ಅದೇ ಕಾರಣ, ಆದ್ದರಿಂದ ಹೋಗಲಿ ಬಿಡಿ. ಬಟ್ಟೆಯಲ್ಲಿ ಸೋಸಿದ ಮೇಲೆ ಕುದಿಸಿ ಆರಿಸಿದ ನೀರಿನಲ್ಲಿ ಒಮ್ಮೆ ತೊಳೆದರೆ ಹುಳಿಯೂ ಕಡಿಮೆಯಾಗುತ್ತದೆ.

ನೆರೆಯವರ ಮಾತಿನಲ್ಲಿ ಸತ್ಯವಿರುವುದು ಕ್ಯಾಲ್ಸಿಯಂ ವಿಷಯದಲ್ಲಿ. ಹುಳಿ ಹೆಚ್ಚಾದಷ್ಟೂ ಕ್ಯಾಲ್ಸಿಯಂ ಕರಗಿ ನೀರಿಗೆ ಸೇರುತ್ತದೆ. ಲಿಂಬೆರಸವನ್ನು ಒಮ್ಮೆಲೇ ಸುರಿಯಬೇಡಿ. ಒಲೆ ಆರಿಸಿ, ಚಮಚದಿಂದ ಸ್ವಲ್ಪಸ್ವಲ್ಪವೇ ಹಾಕುತ್ತ ಮೆಲ್ಲನೆ ತಿರುವಿ. ಬಿಳಿ ಗಟ್ಟಿ ಬೇರೆಯಾಗಿ ನೀರು ತಿಳಿಯಾದ ಕೂಡಲೇ ನಿಲ್ಲಿಸಿ. ಆ ನೀರಿನ ತಿಳಿಹಸಿರು ಬಣ್ಣ ರೈಬೋಫ್ಲೇವಿನ್ ಎಂಬ ಬಿ ಗುಂಪಿನ ಜೀವಸತ್ವದ್ದು. ಹಾಲು ಒಗ್ಗುವ ಮನೆಮಂದಿಗೆ ಅದರಲ್ಲೇ ಚಪಾತಿ ಹಿಟ್ಟು ಕಲಸಿ, ಸಾರಿಗೂ ಹಾಕಿ. ದಯವಿಟ್ಟು ಚೆಲ್ಲಬೇಡಿ.

ಇನ್ನು ಕೊಬ್ಬು. ಹಾಲಿನ ಕೊಬ್ಬು ಹೆಚ್ಚುಕಡಿಮೆ ಪೂರ್ತಿ ಪನೀರಿಗೇ ಬರುತ್ತದೆ, ಅರ್ಧ ಲೀಟರಿಗೆ 20 ಗ್ರಾಂವರೆಗೂ ಇರಬಹುದು. ಅವರು ತೆಳ್ಳಗಿದ್ದು ಊಟ ಕಡಿಮೆ ಮಾಡುತ್ತಿದ್ದರೆ ಇರಲಿ. ಕೊಲೆಸ್ಟರಾಲ್ ಹೆಚ್ಚಿದ್ದರೆ ಹಾಲು ಕಾಯಿಸಿ, ಆರಿಸಿ, ಕೆನೆ ತೆಗೆದು, ಮತ್ತೆ ಕಾಯಿಸಿ ಒಡೆಸಿ. ಪ್ರೋಟೀನ್ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಎಣ್ಣೆಯಲ್ಲಿ ಮಾತ್ರ ಕರಿಯಬೇಡಿ. ಕಾಳುಮೆಣಸಿನ ಪುಡಿ ಬೆರೆಸಿ, ಮೆತ್ತನೆಯ ತೆಳ್ಳೇವಿನ (ತೆಳು ದೋಸೆಯ) ಜೊತೆ ಕೊಡಿ. ಉಪ್ಪು ಹಾಕದಿದ್ದರೆ ರಕ್ತದೊತ್ತಡ ಇರುವವರಿಗೂ ಒಳ್ಳೆಯದು. ಅಂಗಡಿಯ ಸಂಸ್ಕರಿತ ಚೀಸ್‌ನಲ್ಲಿ ಆ ಅನುಕೂಲವಿಲ್ಲ.

ಪನೀರಿನಲ್ಲಿ ನಾರಿಲ್ಲ, ಕಬ್ಬಿಣ ತೀರಾ ಕಡಿಮೆ. ಊಟದಲ್ಲಿ ಬಸಳೆ, ಹರಿವೆ ಸೊಪ್ಪು ಇರಲಿ, ಇಲ್ಲದಿದ್ದರೆ ಮಲಬದ್ಧತೆ ಕಾಡುತ್ತದೆ. ತಾನಾಗಿ ಕೆಟ್ಟು ಒಡೆದ ಹಾಲಿನಿಂದ ಎಂದೂ ಮಾಡಬೇಡಿ. ಮಾಡಿದ್ದನ್ನು ಅಂದೇ ಮುಗಿಸಿ. ಮಲೆನಾಡಿನ ಮಳೆಗಾಲದ ತೇವದಲ್ಲಿ ಹೊರಗಿಟ್ಟರೆ ಬೇಗ ಕೆಡುತ್ತದೆ. ಅವರಿಗೆ ಮೂತ್ರಪಿಂಡದ ತೊಂದರೆಯಿದ್ದರೆ, ದಿನಕ್ಕೆ ಎಷ್ಟು ಕೊಡಬಹುದೆಂದು ಮೊದಲು ವೈದ್ಯರನ್ನು ಕೇಳಿ.