ಅಟ್ಟ ಖಾಲಿ ಮಾಡುವುದಿದ್ದರೆ ಪೊರಕೆ ಕೊನೆಗೆ ಹಿಡಿಯಿರಿ

ವರ್ಷಗಟ್ಟಲೆ ಯಾರೂ ಹತ್ತದ ಅಟ್ಟವನ್ನು ಭಾನುವಾರ ಇಬ್ಬರು ಹುಡುಗರನ್ನು ಹತ್ತಿಸಿ ಗುಡಿಸಿ ಮುಗಿಸುತ್ತೇವೆ, ಬೇರೇನಾದರೂ ನೋಡಿಕೊಳ್ಳಬೇಕಾ ಅಂತ ಕೇಳಿದ್ದೀರಿ. ನೀವು ಹಾಕಿದ ಫೋಟೋದಲ್ಲಿ ಎರಡು ಕಬ್ಬಿಣದ ಟ್ರಂಕು, ಹಳೇ ಪತ್ರಿಕೆಗಳ ಕಟ್ಟು, ಗೋಣಿಚೀಲದ ರಾಶಿ, ತೊಲೆಯಿಂದ ಜೋತುಬಿದ್ದ ವೈರು, ಹಲಗೆ ತುಂಬ ಇಲಿ ಹಿಕ್ಕೆ ಕಾಣುತ್ತಿದೆ. ಅದಕ್ಕೆ ಒಬ್ಬರು ವ್ಯಾಕ್ಯೂಮ್ ಹಾಕಿ ಅಂದಿದ್ದಾರೆ, ಇನ್ನೊಬ್ಬರು ಬ್ಲೀಚಿಗೆ ಸ್ವಲ್ಪ ಟಾಯ್ಲೆಟ್ ಆಸಿಡ್ ಸೇರಿಸಿ ಅಂದಿದ್ದಾರೆ. ದಯವಿಟ್ಟು ಎರಡನ್ನೂ ಮಾಡಬೇಡಿ. ಬ್ಲೀಚಿಗೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಅಟ್ಟದಲ್ಲಿ ಅದು ಎದೆಗೆ ಹೊಕ್ಕರೆ ಏಣಿ ಇಳಿಯುವಷ್ಟೂ ವ್ಯವಧಾನ ಸಿಗುವುದಿಲ್ಲ. ಅಮೋನಿಯ ಇರುವ ಗಾಜು ಒರೆಸುವ ದ್ರಾವಣವನ್ನೂ ಬ್ಲೀಚಿನ ಜೊತೆ ಬೆರೆಸಬಾರದು.

ಗುಡಿಸುವ ಕೆಲಸದಿಂದ ಶುರು ಮಾಡುವುದೇ ತಪ್ಪು. ಮೊದಲು ನೋಡಬೇಕು, ಆಮೇಲೆ ಗಾಳಿ ಆಡಿಸಬೇಕು, ಹಿಕ್ಕೆಯನ್ನು ನೆನೆಸಿ ತೆಗೆಯಬೇಕು, ಸಾಮಾನು ಇಳಿಸಬೇಕು. ಪೊರಕೆಯ ಸರದಿ ಇದೆಲ್ಲ ಆದಮೇಲೆ. ಹೀಗೆ ಮಾಡಿದರೆ ಒಂದು ಭಾನುವಾರಕ್ಕೆ ಮುಗಿಯುವುದಿಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡಿ.

ಹತ್ತುವ ಒಂದು ವಾರ ಮೊದಲೇ ಅಟ್ಟದ ಬಾಯಿಯ ಹತ್ತಿರ ಇಲಿ ಬೋನು ಇಡಿ. ಒಂದು ವಾರ ಒಂದೂ ಬೀಳದೆ, ಹೊಸ ಹಿಕ್ಕೆಯೂ ಕಾಣದಿದ್ದರೆ ಕೆಲಸಕ್ಕೆ ಇಳಿಯಬಹುದು. ಇಲಿ ಓಡಾಡುತ್ತಿರುವಾಗಲೇ ತೊಳೆದರೆ ನಾಳೆ ಮತ್ತೆ ಅದೇ ಕಥೆ. ವಿಷ ಇಡಬೇಡಿ. ವಿಷ ತಿಂದ ಇಲಿ ಕೈಗೆಟುಕದ ಸಂದಿಯಲ್ಲಿ ಸತ್ತು ವಾರಗಟ್ಟಲೆ ನಾರುತ್ತದೆ.

ಈಗ ಏಣಿ. ಇಂಥ ಕೆಲಸದಲ್ಲಿ ದೊಡ್ಡ ಪೆಟ್ಟು ಬೀಳುವುದು ಬಹುಪಾಲು ಇಲ್ಲಿಂದಲೇ. ಲೆಕ್ಕ ಸುಲಭ: ಏಣಿ ತಾಗುವ ಜಾಗ 4 ಅಡಿ ಎತ್ತರಕ್ಕಿದ್ದರೆ ಬುಡ ಗೋಡೆಯಿಂದ 1 ಅಡಿ ದೂರ, 10 ಅಡಿಗೆ ಎರಡೂವರೆ ಅಡಿ. ಅದಕ್ಕಿಂತ ನೆಟ್ಟಗಿದ್ದರೆ ಹಿಂದಕ್ಕೆ ವಾಲುತ್ತದೆ, ತೀರಾ ಓರೆಯಾದರೆ ಬುಡ ಜಾರುತ್ತದೆ. ಅಟ್ಟದ ಅಂಚಿನಿಂದ ಏಣಿ ಇನ್ನೂ 3 ಅಡಿ ಮೇಲೆ ಚಾಚಿರಬೇಕು, ಇಲ್ಲದಿದ್ದರೆ ಇಳಿಯುವಾಗ ಹಿಡಿಯಲು ಏನೂ ಸಿಗದೆ ಕಾಲಿನಿಂದ ಮೆಟ್ಟಿಲು ತಡಕಾಡಬೇಕಾಗುತ್ತದೆ. ಮೇಲ್ತುದಿಯನ್ನು ತೊಲೆಗೆ ಹಗ್ಗದಿಂದ ಬಿಗಿಯಿರಿ. ನುಣ್ಣನೆಯ ನೆಲವಾದರೆ ಬುಡಕ್ಕೆ ರಬ್ಬರ್ ಮ್ಯಾಟ್ ಹಾಕಿ, ಒಬ್ಬರು ಹಿಡಿದೇ ನಿಲ್ಲಲಿ. ಕೈಯಲ್ಲಿ ಸಾಮಾನು ಹಿಡಿದು ಯಾರೂ ಹತ್ತುವುದೂ ಬೇಡ, ಇಳಿಯುವುದೂ ಬೇಡ. ಎರಡು ಕೈ, ಎರಡು ಕಾಲು, ಇವುಗಳಲ್ಲಿ ಮೂರು ಸದಾ ಏಣಿಯ ಮೇಲಿರಬೇಕು. ಸಾಮಾನು ಇಳಿಸುವ ರೀತಿಯನ್ನು ಮುಂದೆ ಹೇಳುತ್ತೇನೆ. ಅಲ್ಯೂಮಿನಿಯಂ ಏಣಿಯಲ್ಲಿ ಕರೆಂಟು ಹರಿಯುತ್ತದೆ. ಜೋತುಬಿದ್ದ ವೈರು ಇರುವ ನಿಮ್ಮಂಥ ಕಡೆ ಒಣಗಿದ ಮರದ ಅಥವಾ ಫೈಬರ್ ಏಣಿ ಮೇಲು.

ಹತ್ತುವ ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ಮೇನ್ ಆಫ್ ಆದ ಮೇಲೂ ಇನ್ವರ್ಟರ್ ಲೈನಿನಲ್ಲಿ ಕರೆಂಟು ಇದ್ದೇ ಇರುತ್ತದೆ, ಜನ ಮರೆಯುವುದು ಇದನ್ನೇ. ಹಳೇ ವೈರಿನ ರಬ್ಬರು ಗಟ್ಟಿಯಾಗಿ ಸುಮ್ಮನೆ ಸರಿಸಿದರೂ ಚಕ್ಕೆ ಏಳುತ್ತದೆ, ಇಲಿ ಕಡಿದ ಕಡೆ ತಾಮ್ರ ಬಯಲಾಗಿರುತ್ತದೆ. ಆ ವೈರನ್ನು ಎಳೆಯಬೇಡಿ, ಬದಿಗೆ ಕಟ್ಟಲೂ ಹೋಗಬೇಡಿ. ಎಲೆಕ್ಟ್ರಿಷಿಯನ್ ಬಂದು ಬಿಚ್ಚಿದ ಮೇಲೇ ಆ ಬದಿಯ ಸಾಮಾನಿಗೆ ಕೈ ಹಾಕಿ. ಬೆಳಕಿಗೆ ತಲೆಗೆ ಕಟ್ಟುವ ಎಲ್‌ಇಡಿ ಟಾರ್ಚು ಸಾಕು. ಬಿಸಿಯಾಗುವ ದೊಡ್ಡ ಬಲ್ಬು, ಮೇಣದ ಬತ್ತಿ, ಲಾಟೀನು ಯಾವುದೂ ಒಣ ಕಾಗದದ ರಾಶಿಯ ಹತ್ತಿರ ಸುಳಿಯಬಾರದು.

ಅಟ್ಟಕ್ಕೆ ತಲೆ ತೂರಿಸಿದ ಕೂಡಲೇ ಒಳಗೆ ಕಾಲಿಡಬೇಡಿ. ಏಣಿಯ ಮೇಲೇ ನಿಂತು ಟಾರ್ಚನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು ನಿಧಾನಕ್ಕೆ ಸುತ್ತ ಬಿಡಿ. ಓರೆ ಬೆಳಕಿನಲ್ಲಿ ಹಿಕ್ಕೆ, ಗೆದ್ದಲಿನ ಮಣ್ಣಿನ ಗೆರೆ, ಹಲಗೆಯ ಬಿರುಕು ಎಲ್ಲ ಎದ್ದು ಕಾಣುತ್ತವೆ. ಮೂಲೆಯಲ್ಲಿ ಕಣಜದ ಗೂಡೋ ಜೇನೋ ಇದ್ದರೆ ಅವತ್ತಿಗೆ ಕೆಲಸ ನಿಲ್ಲಿಸಿ. ಕಣಜ ಎದ್ದರೆ ಏಣಿಯ ಮೇಲಿರುವವರಿಗೆ ಓಡಲು ಜಾಗವಿರುವುದಿಲ್ಲ. ಚೇಳಿನ ಭಯವಿದ್ದರೆ ನೇರಳೆ ಬೆಳಕಿನ ಯುವಿ ಟಾರ್ಚು ತನ್ನಿ, ಕತ್ತಲಲ್ಲಿ ಆ ಬೆಳಕು ಬಿದ್ದರೆ ಚೇಳು ಹಸಿರು ನೀಲಿಯಾಗಿ ಹೊಳೆಯುತ್ತದೆ.

ನೆಲವನ್ನು ನಂಬಬೇಡಿ. ಹಲಗೆ ಹೊರುವುದು ತೊಲೆ ಜಂತೆಗಳ ಬಲದಿಂದ. ಎರಡು ಜಂತೆಗಳ ನಡುವೆ ಬರೀ ತೆಳು ಹಲಗೆಯೋ ಜಿಪ್ಸಮ್ ಸೀಲಿಂಗೋ ಇದ್ದರೆ ಕಾಲು ಸೀದಾ ಕೆಳಗಿನ ಕೋಣೆಗೆ ಇಳಿಯುತ್ತದೆ. ಉದ್ದನೆಯ ಸ್ಕ್ರೂ ಡ್ರೈವರ್‌ನಿಂದ ಜಂತೆಯನ್ನು ಅಲ್ಲಲ್ಲಿ ಒತ್ತಿ ನೋಡಿ. ಗಟ್ಟಿ ಮರದಲ್ಲಿ ತುದಿ ಗುರುತು ಮಾಡಿ ನಿಲ್ಲುತ್ತದೆ. ಬೆಣ್ಣೆಗೆ ಚುಚ್ಚಿದ ಹಾಗೆ ಒಳಹೋದರೆ, ಅಥವಾ ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಅಲ್ಲಿ ಗೆದ್ದಲು ಮರವನ್ನು ಒಳಗಿಂದ ತಿಂದು ಮೇಲಿನ ಸಿಪ್ಪೆ ಮಾತ್ರ ಬಿಟ್ಟಿದೆ. ಸಣ್ಣ ತೂತಿನ ಕೆಳಗೆ ಹಿಟ್ಟಿನಂಥ ಹೊಸ ಪುಡಿ ಬಿದ್ದಿದ್ದರೆ ಕುಟ್ಟೆ ಹುಳು ಇನ್ನೂ ಬದುಕಿದೆ ಅಂತ. ಇಂಥ ಅಟ್ಟಕ್ಕೆ ಬಡಗಿ ಬಂದು ನೋಡುವವರೆಗೆ ಹತ್ತಬೇಡಿ. ಮರ ಗಟ್ಟಿಯಿದ್ದರೂ 18 ಮಿಲಿಮೀಟರ್ ದಪ್ಪದ ಪ್ಲೈವುಡ್ ತುಂಡೊಂದನ್ನು ಕನಿಷ್ಠ ಮೂರು ಜಂತೆಗಳ ಮೇಲೆ ಅಡ್ಡಲಾಗಿ ಹಾಸಿ ಅದರ ಮೇಲೆ ಮಂಡಿಯೂರಿ ಕೆಲಸ ಮಾಡಿ. ತುಂಡಿನ ತುದಿ ಜಂತೆಯಿಂದ ಆಚೆ ಚಾಚಿರಬಾರದು, ಅಲ್ಲಿ ಕಾಲಿಟ್ಟರೆ ಇನ್ನೊಂದು ತುದಿ ಎದ್ದುಬಿಡುತ್ತದೆ. ಇಬ್ಬರು ಹುಡುಗರನ್ನೂ ಒಟ್ಟಿಗೆ ಹತ್ತಿಸಬೇಡಿ. ಮೇಲೆ ಒಬ್ಬರು, ಕೆಳಗೆ ಒಬ್ಬರು, ಅದೂ ದೊಡ್ಡವರು. ಮಕ್ಕಳು, ಬಸುರಿಯರು, ಉಬ್ಬಸ ಇರುವವರು ಆ ಹೊತ್ತಿಗೆ ಮನೆಯಿಂದ ಹೊರಗಿರಲಿ.

ಉಡುಪಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತುಂಬುತೋಳಿನ ಅಂಗಿ, ದಪ್ಪ ಅಟ್ಟೆಯ ಶೂ, ಮೊಣಕೈ ಹತ್ತಿರದವರೆಗೆ ಬರುವ ರಬ್ಬರ್ ಗ್ಲೌಸು, ಕಣ್ಣಿಗೆ ಸುತ್ತ ಮುಚ್ಚುವ ಕನ್ನಡಕ, ಹೆಲ್ಮೆಟ್. ಮಾಡಿನಿಂದ ಚಾಚಿದ ಮೊಳೆಗಳು ತಲೆಗೇ ಬಡಿಯುತ್ತವೆ. ಮುಖಕ್ಕೆ ಎನ್95 ಮಾಸ್ಕೇ ಬೇಕು. ಕರ್ಚೀಫು, ಬಟ್ಟೆ ಮಾಸ್ಕು ಸೂಕ್ಷ್ಮ ಧೂಳನ್ನು ತಡೆಯುವುದಿಲ್ಲ. ಗಡ್ಡದ ಮೇಲೆ ಎನ್95 ಕೂಡ ಸರಿಯಾಗಿ ಕೂರುವುದಿಲ್ಲ, ಅಂಚಿನಿಂದ ಗಾಳಿ ನುಗ್ಗುತ್ತದೆ.

ಹಿಕ್ಕೆಯ ವಿಷಯದಲ್ಲಿ ಮಾತ್ರ ಒಂದಿಷ್ಟೂ ರಿಯಾಯಿತಿ ಇಲ್ಲ. ಒಣಗಿದ ಇಲಿ ಹಿಕ್ಕೆ ಮತ್ತು ಮೂತ್ರವನ್ನು ಗುಡಿಸಿದರೆ ಅದು ಪುಡಿಯಾಗಿ ಗಾಳಿಗೇರುತ್ತದೆ. ಇಲಿಗಳಿಂದ ಹರಡುವ, ಜೀವಕ್ಕೇ ಕುತ್ತಾಗಬಲ್ಲ ಹ್ಯಾಂಟಾ ವೈರಸ್ ಮನುಷ್ಯನಿಗೆ ಹತ್ತುವುದು ಮುಖ್ಯವಾಗಿ ಈ ದಾರಿಯಲ್ಲೇ. ಮಾಮೂಲಿ ವ್ಯಾಕ್ಯೂಮ್ ದೊಡ್ಡ ಕಸವನ್ನು ಎಳೆದುಕೊಂಡು ಸೂಕ್ಷ್ಮ ಪುಡಿಯನ್ನು ಹಿಂಬದಿಯಿಂದ ಕೋಣೆಗೇ ಊದುತ್ತದೆ. ಅದಕ್ಕೇ ಬೇಡ ಅಂದದ್ದು. ಮೊದಲು ಅಟ್ಟದ ಬಾಗಿಲು, ಗವಾಕ್ಷಿ, ಕೆಳಗಿನ ಕಿಟಕಿ ಎಲ್ಲ ತೆರೆದು ಅರ್ಧ ಗಂಟೆ ಆಚೆ ಹೋಗಿ. ಫ್ಯಾನು ಇಡುವುದಾದರೆ ಹಿಕ್ಕೆಯ ಕಡೆ ಮುಖ ಮಾಡಿ ಇಡಬೇಡಿ. ಆಮೇಲೆ 1 ಪಾಲು ಮನೆಬಳಕೆಯ ಬ್ಲೀಚಿಗೆ 9 ಪಾಲು ನೀರು ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿ. ಆವತ್ತಿನದನ್ನು ಆವತ್ತೇ ಬೆರೆಸಬೇಕು, ಇಟ್ಟರೆ ಸತ್ವ ಹೋಗುತ್ತದೆ. ಸ್ಪ್ರೇಯ ಮೂತಿಯನ್ನು ಮಂಜಿನ ಹಾಗೆ ಬೀಳುವಷ್ಟು ಸಡಿಲಿಸಿ ದೂರದಿಂದ ಮೆಲ್ಲಗೆ ಹೊಡೆಯಿರಿ. ಧಾರೆಯಾಗಿ ಹೊಡೆದರೆ ಒಣ ಪುಡಿ ಹಾರುತ್ತದೆ. ಹಿಕ್ಕೆಯ ಬಣ್ಣ ಕಪ್ಪೇರಿ, ಒತ್ತಿದರೆ ಮೆತ್ತಗಾಗುವಷ್ಟು ನೆನೆಯಬೇಕು. 5 ನಿಮಿಷ ಹಾಗೇ ಬಿಟ್ಟು ದಪ್ಪ ಟಿಶ್ಯೂವಿನಿಂದ ಬಳಿದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಅದನ್ನು ಇನ್ನೊಂದು ಚೀಲದೊಳಗೆ ಇಡಿ. ಗೂಡು, ಸತ್ತ ಇಲಿಗೂ ಇದೇ ಕ್ರಮ. ಕೊನೆಯಲ್ಲಿ ಗ್ಲೌಸು ಕೈಯಲ್ಲಿರುವಾಗಲೇ ಬ್ಲೀಚ್ ನೀರಿನಲ್ಲಿ ತೊಳೆದು ಬಿಚ್ಚಿ, ಮತ್ತೆ ಸೋಪಿನಿಂದ ಕೈ ತೊಳೆಯಿರಿ. ಮುಂದಿನ 8 ವಾರದೊಳಗೆ ಜ್ವರ, ತೊಡೆ ಬೆನ್ನಿನ ನೋವು, ಉಸಿರಾಟದ ತೊಂದರೆ ಕಂಡರೆ ಇಲಿ ಹಿಕ್ಕೆ ಇದ್ದ ಅಟ್ಟ ಸ್ವಚ್ಛ ಮಾಡಿದ್ದನ್ನು ಡಾಕ್ಟರಿಗೆ ಬಿಡದೆ ಹೇಳಿ.

ಬಾವಲಿ ಅಥವಾ ಪಾರಿವಾಳದ ಹಿಕ್ಕೆ ಇಂಚುಗಟ್ಟಲೆ ಬಿದ್ದಿದ್ದರೆ ನೀವು ಕೈ ಹಾಕಬೇಡಿ. ಅದರಲ್ಲಿ ಬೆಳೆಯುವ ಶಿಲೀಂಧ್ರ ಶ್ವಾಸಕೋಶಕ್ಕೆ ಇಳಿಯುತ್ತದೆ, ಅದು ಇಡೀ ದೇಹ ಮುಚ್ಚಿಕೊಂಡು ಮಾಡುವವರ ಕೆಲಸ. ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಲೇಬಾರದು, ಕಚ್ಚಿದರೆ ರೇಬಿಸ್ ಅಪಾಯವಿದೆ. ಮರಿಗಳಿರುವ ಕಾಲದಲ್ಲಿ ಸಂದಿ ಮುಚ್ಚಿದರೆ ಅವು ಒಳಗೇ ಸಾಯುತ್ತವೆ. ಹಾಗೆಯೇ ಮಾಡಿಗೆ ಆಸ್ಬೆಸ್ಟಾಸ್ ಶೀಟು ಇದ್ದರೆ ಅದರ ಒಳಮೈಯ ಇಲ್ಲಣ ತೆಗೆಯಲು ಒಣ ಬ್ರಷ್ ಹಾಕಿ ಉಜ್ಜಬೇಡಿ, ಕೆರೆಯಬೇಡಿ, ತೂತು ಕೊರೆಯಬೇಡಿ, ಏಳುವ ಸೂಕ್ಷ್ಮ ನಾರು ಶ್ವಾಸಕೋಶಕ್ಕೆ ಅಪಾಯ. ಚಳಿದೇಶದ ಮನೆಗಳಲ್ಲಿ ಜಂತೆಗಳ ನಡುವೆ ಬೂದುಗಂದು ಬಣ್ಣದ, ಪದರ ಪದರವಾಗಿ ಹೊಳೆಯುವ ಹರಳಿನಂಥ ವರ್ಮಿಕ್ಯುಲೈಟ್ ಎಂಬ ಖನಿಜವನ್ನು ಚಳಿ ತಡೆಯಲು ಸುರಿದಿರುವುದುಂಟು. ಅಮೆರಿಕದ ಮೊಂಟಾನಾದ ಲಿಬ್ಬಿ ಗಣಿಯದ್ದು ಆಸ್ಬೆಸ್ಟಾಸ್ ಬೆರೆತದ್ದು, ಅದು 1990ರಲ್ಲಿ ಮುಚ್ಚುವವರೆಗೂ ಮಾರಾಟವಾಗಿತ್ತು. ಅಲ್ಲಿರುವ ನಮ್ಮವರು ಇದನ್ನು ಕಂಡರೆ ಕೆದಕದೆ ಪರೀಕ್ಷೆ ಮಾಡಿಸಿ.

ಇನ್ನು ಇಳಿಸುವುದು. ಅಟ್ಟದ ಮೇಲೆ ಕೂತು ಇದು ಬೇಕು, ಇದು ಬೇಡ ಅಂತ ವಿಂಗಡಿಸಲು ಶುರು ಮಾಡಿದರೆ ಅಲ್ಲಿಗೆ ಕೆಲಸ ಕೆಟ್ಟಿತು. ಬಿಸಿಲಿನ ಝಳ, ಧೂಳು, ಮಂದ ಬೆಳಕು, ಜೊತೆಗೆ ಹಳೇ ಕಾಗದ ಓದುವ ಆಸೆ. ಎಲ್ಲವನ್ನೂ ಕೆಳಗಿಳಿಸಿ ಅಂಗಳದ ಟಾರ್ಪಾಲಿನ ಮೇಲೆ ನೋಡಿ. ಅಟ್ಟದ ಬಾಯಿಯಿಂದ ಶುರು ಮಾಡಿ ದಾರಿ ಬಿಡಿಸುತ್ತ ಒಳಗೆ ಹೋಗಿ, ರಾಶಿಯನ್ನು ಮೇಲಿನಿಂದಲೇ ಇಳಿಸಿ. ಕೆಳಗಿನದನ್ನು ಎಳೆದರೆ ಮೇಲಿನದು ಮೈಮೇಲೆ. 1 ಅಡಿ ಎತ್ತರದ ಪತ್ರಿಕೆ ಕಟ್ಟು ಸುಮಾರು 15 ಕಿಲೋ ತೂಗುತ್ತದೆ. ಇಳಿಸುವ ಒಂದೊಂದು ಹೊರೆಯೂ 10 ಕಿಲೋ ಮೀರದ ಹಾಗೆ ಬಿಚ್ಚಿ ಗಟ್ಟಿ ಚೀಲಕ್ಕೆ ತುಂಬಿ. ಬೆರಳು ಗಾತ್ರದ ಹಗ್ಗವನ್ನು ಗಟ್ಟಿ ತೊಲೆಗೆ ಒಂದು ಸುತ್ತು ಹಾಕಿ ಅದರ ಮೂಲಕ ಬಿಡುತ್ತ ಹೋದರೆ ಭಾರವನ್ನು ತೊಲೆಯೇ ತಡೆಯುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ಹೊರೆ ನೆಲ ಮುಟ್ಟುವವರೆಗೆ ಅದರ ಕೆಳಗೆ ಯಾರೂ ನಿಲ್ಲಬಾರದು.

ಟ್ರಂಕನ್ನು ತುಂಬಿದ ಹಾಗೇ ಇಳಿಸಲು ಹೋಗಬೇಡಿ, ಮೇಲೇ ಬರಿದು ಮಾಡಿ. ಮೊದಲು ಉದ್ದ ಕೋಲಿನಿಂದ ಬದಿಗೆ ನಾಲ್ಕು ಬಾರಿ ಬಡಿದು ಸ್ವಲ್ಪ ಕಾಯಿರಿ. ಆಮೇಲೆ ಕೀಲಿರುವ ಹಿಂಬದಿಯಲ್ಲಿ ಕೂತು ಮುಚ್ಚಳವನ್ನು ನಿಮ್ಮ ಕಡೆಗೆ ಎತ್ತಿ. ಒಳಗಿನಿಂದ ಹಾವೋ ಇಲಿಯೋ ಚಿಮ್ಮಿದರೆ ಮುಚ್ಚಳವೇ ಅಡ್ಡ ನಿಲ್ಲುತ್ತದೆ. ಹಾವು ಕಂಡರೆ ಕೆಣಕದೆ ಹಿಂದೆ ಸರಿದು ಕೆಳಗಿಳಿಯಿರಿ, ಹಾವು ಹಿಡಿಯುವವರನ್ನು ಕರೆಯಿರಿ. ಕಾಣದ ಸಂದಿಗೆ ಕೈ ತೂರಿಸಬೇಡಿ, ಗೋಣಿಚೀಲವನ್ನು ಕೊಕ್ಕೆ ಕೋಲಿನಿಂದ ಎಳೆದುಕೊಳ್ಳಿ.

ಸೆಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಿಸಿಲೇರಿದ ಮೇಲೆ ಮಾಡಿನ ಅಡಿಯ ಕಾವು ಹೊರಗಿಗಿಂತ ಎಷ್ಟೋ ಹೆಚ್ಚು, ಶೀಟಿನ ಮಾಡಾದರಂತೂ ಕೇಳುವುದೇ ಬೇಡ. ಬೆಳಗ್ಗೆ ಬೇಗ ಶುರು ಮಾಡಿ, 20 ನಿಮಿಷಕ್ಕೊಮ್ಮೆ ಇಳಿದು ನೀರು ಕುಡಿಯಿರಿ. ತಲೆ ಸುತ್ತು, ವಾಕರಿಕೆ, ಕಾಲು ಹಿಡಿತ ಬಂದರೆ ತಕ್ಷಣ ಇಳಿಯಿರಿ. ಮಾತು ತೊದಲಿದರೆ ಅದು ಆಸ್ಪತ್ರೆಯ ಕೇಸು. ಮೈಗೆ ತಣ್ಣೀರು ಸುರಿಯುತ್ತ ಆಂಬುಲೆನ್ಸ್ ಕರೆಯಿರಿ.

ಕೆಳಗೆ ವಿಂಗಡಿಸುವಾಗ ಅಪಾಯದವು ಬೇರೆ ಗುಂಪು: ಹಳೇ ಕೀಟನಾಶಕ, ಪೇಂಟು, ಸೀಮೆಎಣ್ಣೆ, ಸೋರಿದ ಬ್ಯಾಟರಿ, ಪಾದರಸದ ಥರ್ಮಾಮೀಟರು. ಇವನ್ನು ಬೇರೆ ಬಾಟಲಿಗೆ ಸುರಿಯಬೇಡಿ, ಚರಂಡಿಗೆ ಚೆಲ್ಲಬೇಡಿ. ಇದ್ದ ಡಬ್ಬಿಯಲ್ಲೇ ನೆಟ್ಟಗೆ ನಿಲ್ಲಿಸಿ, ಅಪಾಯಕಾರಿ ಕಸ ತೆಗೆದುಕೊಳ್ಳುವವರಿಗೇ ಕೊಡಿ. ಹಳೇ ವೈರು, ಪ್ಲಾಸ್ಟಿಕ್ ಸುಡಬೇಡಿ, ಪಿವಿಸಿ ಹೊಗೆಯಲ್ಲಿ ಆಮ್ಲದ ಅನಿಲವಿರುತ್ತದೆ. 1950ರ ದಶಕದ ಆರಂಭಕ್ಕಿಂತ ಹಳೆಯ ಫಿಲ್ಮ್ ಸುರುಳಿ ಅಂಟಂಟಾಗಿ ಘಾಟು ವಾಸನೆ ಬರುತ್ತಿದ್ದರೆ ಅದು ನೈಟ್ರೇಟ್ ಫಿಲ್ಮ್ ಇರಬಹುದು, ಬಹಳ ಬೇಗ ಹೊತ್ತಿಕೊಳ್ಳುತ್ತದೆ. ಬಿಸಿಲಿನಲ್ಲಿಡದೆ ಮನೆಯಿಂದ ದೂರ ತಂಪಿನಲ್ಲಿಟ್ಟು ಅಗ್ನಿಶಾಮಕದವರನ್ನು ಕೇಳಿ. ನುಸಿಗುಳಿಗೆ ವಾಸನೆಯ ಬಟ್ಟೆಯನ್ನು ಒಗೆದು ಚೆನ್ನಾಗಿ ಗಾಳಿಗೆ ಹಾಕುವವರೆಗೆ ಎಳೆಮಕ್ಕಳಿಗೆ ಹೊದಿಸಬೇಡಿ. ನ್ಯಾಫ್ತಲೀನ್ ಕೆಲವು ಶಿಶುಗಳ ರಕ್ತಕಣಗಳನ್ನು ಒಡೆಯುತ್ತದೆ.

ಉಳಿಸಿಕೊಳ್ಳುವ ಪುಸ್ತಕ, ದಾಖಲೆಗಳಲ್ಲಿ ಹುಳ ಇದ್ದರೆ ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ 2 ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಬಿಚ್ಚಿದರೆ ಕಾಗದದ ಮೇಲೆ ನೀರು ಕೂರುತ್ತದೆ. ಅಂಟಿಕೊಂಡ ಫೋಟೋಗಳನ್ನು ಎಳೆದು ಬಿಡಿಸಬೇಡಿ.

ಅಟ್ಟ ಬರಿದಾದ ಮೇಲೆ ಒದ್ದೆ ಬಟ್ಟೆಯಲ್ಲಿ ಮೇಲಿನಿಂದ ಕೆಳಕ್ಕೆ ಒರೆಸುತ್ತ ಬನ್ನಿ. ಹಿಕ್ಕೆ ಪೂರ್ತಿ ಹೋಗಿದೆ ಅಂತ ಖಾತ್ರಿಯಾದ ಮೇಲೆ ಉಳಿದ ಕಸಕ್ಕೆ ನೀರು ಚಿಮುಕಿಸಿ ಪೊರಕೆ ಹಾಕಿ. ಎರಡು ದಿನ ತೆರೆದಿಟ್ಟು ಒಣಗಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಆಮೇಲೆ ಸಂದಿ ಮುಚ್ಚಿ. ಸಣ್ಣಿಲಿಗೆ ಪೆನ್ಸಿಲ್ ತೂರುವಷ್ಟು, ಅಂದರೆ 6 ಮಿಲಿಮೀಟರ್ ತೂತು ಸಾಕು, ದೊಡ್ಡ ಇಲಿಗೆ 12. ಬರೀ ಫೋಮು, ಬಟ್ಟೆ ತುರುಕಿದರೆ ಕಡಿದು ಬರುತ್ತದೆ. ಸ್ಟೀಲ್ ಉಣ್ಣೆ ಒತ್ತಿ ತುಂಬಿ ಮೇಲೆ ಸಿಮೆಂಟು ಬಳಿಯಿರಿ, ದೊಡ್ಡ ಸಂದಿಗೆ ಸಣ್ಣ ಕಣ್ಣಿನ ತಂತಿಬಲೆ ಹೊಡೆಯಿರಿ. ಮತ್ತೆ ಮೇಲೆ ಇಡುವುದನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಹಾಕಿ, ಎದುರು ಬದಿಗೆ ಹೆಸರು ಬರೆದು, ಜಂತೆಗಳ ಮೇಲೇ ಭಾರ ಬೀಳುವಂತೆ ಇಡಿ. ಎಲೆಕ್ಟ್ರಿಷಿಯನ್ ಬಂದಾಗ ಕೈಯಾಡಿಸಲು ವೈರಿನ ಬದಿಗೆ 2 ಅಡಿ ಜಾಗ ಖಾಲಿ ಬಿಡಿ.